ನಾನು ಅಳಿಸಿದ ಕಾಲಂ

ಅವರ ಬಲಗೈ ತೋರುಬೆರಳಿನ ತುದಿಗೆ ಸೀಲಿನ ನೇರಳೆ ಶಾಯಿ ಹತ್ತಿಕೊಂಡೇ ಇರುತ್ತಿತ್ತು. ಉಪ್ಪುಂದದ ಹತ್ತಿರದ ನಮ್ಮೂರ ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂದ ಮೇಲೆ, ಪ್ರತಿ ಅಕ್ಷರ ಒತ್ತುವ ಮೊದಲೂ ಆ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ಕೀಲಿಮಣೆ ಕೊಳೆಯಾದೀತೆಂಬ ಹೆದರಿಕೆ. ಉಳಿದ ಒಂಬತ್ತು ಬೆರಳಿಗೂ ಅಲ್ಲಿ ಕೆಲಸವಿರಲಿಲ್ಲ.

ಊರಿಗೆಲ್ಲ ಅವರು ಲೈಬ್ರರಿ ಅಕ್ಕ. ಮೀನು ಮಾರಿ ಬುಟ್ಟಿ ಹೊರಗಿಟ್ಟು ಬರುವ ಹೆಂಗಸರು, ಗೇರುಬೀಜದ ಫ್ಯಾಕ್ಟರಿ ಬಿಟ್ಟು ಬರುವವರು, ಎಲ್ಲರಿಗೂ ಅವರೇ ಪುಸ್ತಕ ಆರಿಸಿಕೊಡಬೇಕು. ವಾಪಸು ತಂದವರನ್ನು "ಹ್ವಾಯ್, ಮರ್ಕ್ ಬಂತಾ, ನೆಗಿ ಬಂತಾ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಅಳು ಬಂದದ್ದೋ ನಗು ಬಂದದ್ದೋ, ಆ ಹೆಂಗಸರು ನಿಂತಲ್ಲೇ ಇಡೀ ಕಥೆ ಹೇಳಿ ಹೋಗುತ್ತಿದ್ದರು.

ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಅಕ್ಕನದು, ತಪ್ಪು ನೋಡುವ ಕೆಲಸ ನನ್ನದು. ನಾನು ಹೈಸ್ಕೂಲು ಮಾಷ್ಟ್ರು, ಗ್ರಂಥಾಲಯ ಸಮಿತಿಯವನು, ಮೇಲಾಗಿ ಕಂಪ್ಯೂಟರ್ ಬಲ್ಲವನೆಂಬ ಕೊಬ್ಬು ಬೇರೆ. ಹೆಸರು, ಬರೆದವರು ಎಲ್ಲ ಸರಿಯಿತ್ತು. ಕೊನೆಯಲ್ಲಿ 'ಹುಡುಕುಪದ' ಎಂಬ ಕಾಲಂ. ಕಾದಂಬರಿ, ಇತಿಹಾಸ ಎಂದು ಹಾಕಬೇಕಾದಲ್ಲಿ ಅಕ್ಕ, ಕಥೆಯ ಅತ್ತೆ ಕೊನೆಗೆ ಒಳ್ಳೆಯವಳಾದದ್ದು, ರಟ್ಟಿನ ಬಣ್ಣ, ಓದಿದರೆ ಬರುವ ಅಳು ಎಂದು ಏನೇನೋ ತುಂಬಿದ್ದರು. 'ಅತ್ತಿ ಕಡಿಗೆ ಒಳ್ಳೇಳ್ ಆತ್ಲ್.' 'ನೀಲಿ ರಟ್ಟ್, ಓದ್ರೆ ಮರ್ಕ್ ಬತ್ತ್.'

ಸಮಿತಿಯ ಸಭೆಯಲ್ಲಿ, ಅಕ್ಕನ ಎದುರಿಗೇ, ಅವನ್ನು ಪರದೆ ನೋಡಿ ಒಂದೊಂದಾಗಿ ರಾಗ ಎಳೆದು ಓದಿದೆ. ಥೂ, ನನ್ನ ಬುದ್ಧಿಗಿಷ್ಟು! ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಇನ್ನಷ್ಟು ಓದಿದೆ.

"ಎಂತ ಅಕ್ಕ ಇದೆಲ್ಲ? ಹೊರಗಿನವ್ರ್ ಕಂಡ್ರೆ ನಮ್ಮ ಮರ್ಯಾದಿ ಎಂತ ಆತ್ತ್?" ಎಂದೆ.

"ನಮ್ಮ ಹೆಂಗ್ಸ್ರ್ ಹಾಂಗೇ ಹೇಳಿ ಪುಸ್ತ್ಕ ಕೇಂತ್ರ್ ಮಾಷ್ಟ್ರೆ. ಪುಸ್ತ್ಕದ ಹೆಸ್ರ್ ಯಾರಿಗ್ ನೆನಪಿರತ್ತ್? ನಾನ್ ಇಲ್ದ್ ಹೊತ್ತಿಗೂ ಅವ್ರಿಗೆ ಸಿಕ್ಕುದ್ ಬ್ಯಾಡ್ದಾ?" ಅಕ್ಕ ಬೆರಳನ್ನು ಸೆರಗಿಗೆ ಒರೆಸಿಕೊಂಡರು. "ಅಳ್ಸ್ಬೇಡಿ. ಮೂರ್ ತಿಂಗ್ಳ್ ಕುಟ್ಟಿದ್ದೆ."

ಆ ಮಾತಿಗೂ ಯಾರೋ ನಕ್ಕರು. ನಾನು ಕಾಲಮನ್ನು ಇಡಿಯಾಗಿ ಆರಿಸಿ ಗುಂಡಿ ಒತ್ತಿದೆ. ಅಷ್ಟೂ ಹೋಯಿತು. ಅಕ್ಕ ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಆಮೇಲೂ ನನ್ನನ್ನು ಕಂಡರೆ "ಬನ್ನಿ ಮಾಷ್ಟ್ರೆ" ಎಂದು ಪೇಪರು ಮುಂದಿಡುವುದನ್ನು ಬಿಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವರಿದ್ದಷ್ಟು ದಿನ ನನ್ನ ತಪ್ಪು ಯಾರಿಗೂ ತಿಳಿಯಲಿಲ್ಲ. ಕೇಳಿದ್ದನ್ನು ನೆನಪಿನಿಂದಲೇ ತೆಗೆದುಕೊಡುತ್ತಿದ್ದರು. ಹೋದ ವರ್ಷ ಜ್ವರವೆಂದು ಕುಂದಾಪುರದ ಆಸ್ಪತ್ರೆ ಸೇರಿದವರು ತಿರುಗಿ ಬರಲಿಲ್ಲ.

ಮೊನ್ನೆ ನಾನು ಅಲ್ಲೇ ಪೇಪರು ಓದುತ್ತಿದ್ದೆ. ಮೀನು ಮಾರುವ ಹೆಂಗಸೊಬ್ಬರು ಬಂದು ಹೊಸ ಗ್ರಂಥಪಾಲಕಿಯನ್ನು ಕೇಳಿದರು: "ಬೋಟಿಗೆ ಹೋದ ಗಂಡ ಬಪ್ಪುಕೆ ಹೆಂಡ್ತಿ ಕಾಯ್ತಾ ಕೂಕಂತ್ಲಲೆ, ಆ ಪುಸ್ತ್ಕ ಇತ್ತಾ?"

ಹುಡುಗಿ, ಪಾಪ, ಕಂಪ್ಯೂಟರಿನಲ್ಲಿ ಹಾಗೇ ಬಡಿದು ನೋಡಿದಳು. ಪರದೆಯ ಮೇಲೆ ಏನೂ ಬರಲಿಲ್ಲ. "ಪುಸ್ತ್ಕದ ಹೆಸ್ರೆಂತ ಅಮ್ಮ?" ಎಂದಳು. ಗೊತ್ತಿಲ್ಲವೆಂದು ಅವರು ನನ್ನತ್ತ ತಿರುಗಿದರು. "ಮಾಷ್ಟ್ರೆ, ನೀವ್ ಓದ್ದವ್ರಲೆ, ನಿಮ್ಗ್ ಗೊತ್ತಿತ್ತಾ?"

ಅಕ್ಕ ಬರೆದಿದ್ದ ಆ ಸಾಲು ನನಗೆ ಗೊತ್ತಿತ್ತು. ಸಭೆಯಲ್ಲಿ ಅದಕ್ಕೇ ಎಲ್ಲಕ್ಕಿಂತ ಹೆಚ್ಚು ನಗು ಬಿದ್ದಿತ್ತು. ಅದು ಯಾವ ಪುಸ್ತಕದ ಮುಂದಿತ್ತೆಂದು ಮಾತ್ರ ನಾನು ನೋಡಿಯೇ ಇರಲಿಲ್ಲ.

"ಗೊತ್ತಿಲ್ಲೆ" ಎಂದೆ.

"ಅಕ್ಕ ಹ್ವಾದ್ ಮೇಲೆ ನಂಗೆ ಓದೂದೇ ನಿಂತ್ ಹೋಯ್ತ್ ಕಾಣಿ" ಎನ್ನುತ್ತಾ ಅವರು ಬರಿಗೈಯಲ್ಲಿ ಮೆಟ್ಟಿಲಿಳಿದರು. ನಿಲ್ಲಿಸಿದವನು ನಾನೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.