ಬಚ್ಚಲ ಒಲೆಗೆ ಹೋಗುತ್ತಿದ್ದ ಹಾಲಿನ ತೊಟ್ಟೆ

“ಅಕ್ಕ, ನಿಮ್ಮಲ್ಲಿ ಯಾರೂ ಹಾಲು ಕುಡಿಯುದಿಲ್ವಾ?”

ಪ್ರತಿ ಶನಿವಾರ ಒಣಕಸದ ಗಾಡಿ ಓಡಿಸಿಕೊಂಡು ಬರುವ ಶಾಲಿನಿ, ಕೆದಂಬಾಡಿ ಊರಿನ ನಮ್ಮ ಮನೆಯ ಗೇಟಿನೆದುರು ಹೀಗೆ ಕೇಳಿದಾಗ ನಾನು ತಬ್ಬಿಬ್ಬಾದೆ.

“ಕುಡಿಯದೆ ಎಂತ ಮಾರಾಯ್ತಿ, ದಿನಾ ಎರಡು ಪ್ಯಾಕೆಟ್ ಬೇಕು” ಎಂದೆ.

“ಮತ್ತೆ ಅದರ ತೊಟ್ಟೆ ಎಲ್ಲಿ ಹೋಗುದು? ಇಷ್ಟು ತಿಂಗಳಲ್ಲಿ ನನಗೆ ಒಂದೂ ಸಿಗ್ಲಿಲ್ಲ!”

ಉತ್ತರ ನಾನು ಹೇಳಬೇಕಾಗಲಿಲ್ಲ. ಮನೆಯ ಹಿಂದಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಸ್ನಾನಕ್ಕೆ ಹೊರಟಿದ್ದ ಅತ್ತೆ ಕೆಮ್ಮುತ್ತಾ ಬಚ್ಚಲಿನಿಂದ ಹೊರಗೆ ಬಂದರು. ಬೆಂಕಿ ಬೇಗ ಹಿಡಿಯಲೆಂದು ಹಾಲಿನ ಖಾಲಿ ಪ್ಲಾಸ್ಟಿಕ್ ತೊಟ್ಟೆಗಳನ್ನೆಲ್ಲ ಹಂಡೆಯ ಒಲೆಗೆ ಹಾಕುತ್ತಿದ್ದವಳು ನಾನು. ಅತ್ತೆಯ ಕೆಮ್ಮಿಗೆ ಪುತ್ತೂರಿನಿಂದ ಔಷಧಿ ತರುತ್ತಿದ್ದವಳೂ ನಾನೇ!

ಶಾಲಿನಿ ಬೈಯಲಿಲ್ಲ. “ಆ ಹೊಗೆ ವಿಷ ಅಕ್ಕ” ಎನ್ನುತ್ತಾ ಸೀದಾ ಒಲೆಯ ಹತ್ತಿರ ಹೋದಳು. ಕರಗುತ್ತಿದ್ದ ತೊಟ್ಟೆಯನ್ನು ಕೋಲಿನಿಂದ ಹೊರಗೆಳೆದು ನೀರು ಹೊಯ್ದಳು. ಜಗಲಿಯ ಮೂಲೆಯಿಂದ ಎರಡು ಹಿಡಿ ಒಣ ಅಡಿಕೆ ಸಿಪ್ಪೆ ತಂದು, ಮೇಲೆ ಸಣ್ಣ ಪುಳ್ಳೆಗಳನ್ನಿಟ್ಟು, ಒಂದೇ ಕಡ್ಡಿ ಗೀರಿದಳು. ಬೆಂಕಿ ಚಟಪಟ ಹೊತ್ತಿಕೊಂಡಿತು.

“ಮನೆ ತುಂಬ ಸಿಪ್ಪೆ ಇಟ್ಟುಕೊಂಡು ನನಗೆ ತೊಟ್ಟೆಯ ಹೊಗೆ ಕುಡಿಸಿದ್ಯಲ್ಲ!” ಎಂದು ಅತ್ತೆ ನನ್ನ ಕಡೆ ನೋಡಿದರು. ಮೂವರಿಗೂ ನಗು ತಡೆಯಲಾಗಲಿಲ್ಲ.

ಅಂದಿನಿಂದ ತೊಟ್ಟೆಗಳನ್ನು ತೊಳೆದು ಒಣಗಿಸಿ ಶಾಲಿನಿಗೆ ಕೊಡುತ್ತೇನೆ. ಈಗ ನನ್ನ ದೂರು ಒಂದೇ. ಬಚ್ಚಲಿಗೆ ಹೋದ ಅತ್ತೆ ಹಾಡು ಗುನುಗುತ್ತಾ ಕುಳಿತರೆ, ಹಂಡೆ ಖಾಲಿಯಾಗುವವರೆಗೆ ಹೊರಗೆ ಬರುವುದೇ ಇಲ್ಲ.