ರೊಟ್ಟಿ ಸಂಗಮ್ಮನ ಕಾಂಬೋಡಿಯಾ

ಕಂಪ್ಲಿಯ ನಮ್ಮ ಓಣಿಯಲ್ಲಿ ಕಾಂಬೋಡಿಯಾಕ್ಕೆ ಮೂರು ಸಲ ಹೋಗಿಬಂದವರು ಯಾರು ಎಂದು ಕೇಳಿದರೆ ಎಲ್ಲರೂ ರೊಟ್ಟಿ ಸಂಗಮ್ಮನ ಖಾನಾವಳಿಯ ಕಡೆ ಕೈ ತೋರಿಸುತ್ತಿದ್ದರು. ಅವಳ ಫ್ರಿಜ್ಜಿನ ಬಾಗಿಲಿಗೆ ಅಂಕೋರ್ ವಾಟ್ ಗುಡಿಯ ಪುಟ್ಟ ಚಿತ್ರ ಅಂಟಿಕೊಂಡಿದೆ. ಊಟಕ್ಕೆ ಬಂದ ಬಸ್ ಕಂಡಕ್ಟರು "ಹೆಂಗೈತ್ರಿ ಆ ಗುಡಿ?" ಎಂದರೆ "ಭಾಳ ಮಸ್ತ್ ಐತ್ರಿ, ನೋಡಾಕ ಎರಡು ಕಣ್ಣು ಸಾಲಂಗಿಲ್ಲ" ಎನ್ನುತ್ತಿದ್ದಳು. ಎರಡು ಕಣ್ಣಂತೆ! ಅವಳು ಆ ಗುಡಿಯನ್ನು ಅರೆಗಣ್ಣಿನಿಂದಲೂ ನೋಡಿರಲಿಲ್ಲ. ಓಣಿಯಲ್ಲಿ ಇದು ಗೊತ್ತಿದ್ದದ್ದು ಎದುರು ಮನೆಯ ನನಗೊಬ್ಬಳಿಗೆ.

ಸಂಗಮ್ಮನನ್ನು ಕರೆದುಕೊಂಡು ಹೋಗುತ್ತಿದ್ದವನು ಹೊಸಪೇಟೆಯ ಹಂಪೇಶ. ಟೂರು ನಡೆಸುವುದು ಅವನ ಕಸುಬು. ಅವನ ಗಿರಾಕಿಗಳು ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ವಯಸ್ಸಾದ ಲಿಂಗವಂತರು. ಇವರಿಗೆ ವಿಮಾನದ ಹೆದರಿಕೆಯಿಲ್ಲ, ಕಂಡವರ ಕೈ ಊಟದ ಹೆದರಿಕೆ. ಕೊರಳಲ್ಲಿ ಲಿಂಗವಿದ್ದವರು ಸ್ನಾನ, ಪೂಜೆ ಮುಗಿಸಿ ಮಾಡಿದ ಅಡಿಗೆಯೇ ಆಗಬೇಕು, ಅದರಲ್ಲೂ ಬಿಸಿ ಜೋಳದ ರೊಟ್ಟಿಯೇ ಬೇಕು. ಹಾಗಾಗಿ ಹಂಪೇಶ ಜೋಳದ ಹಿಟ್ಟು, ಶೇಂಗಾ ಚಟ್ನಿ, ಹಂಚು ಇವುಗಳ ಜೊತೆ ಸಂಗಮ್ಮನನ್ನೂ ವಿಮಾನಕ್ಕೆ ಏರಿಸುತ್ತಿದ್ದ. ಸಿಯೆಮ್ ರೀಪ್ ಊರಿನ ಹೋಟೆಲಿನ ಹಿಂದಿನ ಅಡಿಗೆಮನೆಯೊಳಗೆ ಕಾಲಿಟ್ಟರೆ ಮುಗಿಯಿತು, ಅವಳು ಹೊರಗೆ ಬರುವುದು ವಾಪಸ್ ವಿಮಾನ ಹತ್ತುವಾಗಲೇ. ಪಾಸ್‌ಪೋರ್ಟ್ ಹಂಪೇಶನ ಬ್ಯಾಗಿನಲ್ಲಿ. "ನಂಗೂ ಗುಡಿ ತೋರ್ಸಪ್ಪಾ" ಎಂದಾಗಲೆಲ್ಲ ಅವನದು ಒಂದೇ ಮಾತು: "ಮುಂದಿನ ಸಲ ಪಕ್ಕಾ, ಅಕ್ಕಾ." ಅವನ ಮುಂದಿನ ಸಲಕ್ಕೆ ಬೆಂಕಿ ಬೀಳಲಿ!

ಇದೆಲ್ಲ ಹೇಗೋ ನಡೆದುಹೋಗುತ್ತಿತ್ತೋ ಏನೋ. ಆದರೆ ಅವಳ ಮೊಮ್ಮಗಳು ಸ್ಫೂರ್ತಿ ಒಂದು ದಿನ ಶಾಲೆಯಿಂದ ಒಂದು ಚಿತ್ರ ತಂದಳು. ಅದೇ ಕಾಂಬೋಡಿಯಾದ ಬಾಯೋನ್ ಎಂಬ ಗುಡಿ, ಗೋಪುರದ ತುಂಬ ಕಲ್ಲಿನ ದೊಡ್ಡ ದೊಡ್ಡ ಮುಖಗಳು. ಚಿತ್ರ ಮಸುಕು ಮಸುಕು. "ಇವು ಕಣ್ಣು ಮುಚ್ಚ್ಯಾವೋ ತೆರ್‍ದಾವೋ, ಅಜ್ಜಿ? ನೀ ನೋಡಿಯಲ್ಲ" ಎಂದು ಕೇಳಿದಳು. ಸಂಗಮ್ಮ ಫಟ್ಟನೆ "ತೆರ್‍ದಾವ" ಎಂದುಬಿಟ್ಟಳು. ಹುಡುಗಿ ಅದನ್ನೇ ಹೋಗಿ ಇಡೀ ಕ್ಲಾಸಿಗೆ ಹೇಳಿದಳು.

ಅವತ್ತು ಸಂಜೆ ಸಂಗಮ್ಮ ನನ್ನ ಕಟ್ಟೆಯ ಮೇಲೆ ಬಂದು ಕೂತಳು. "ಕಂಡಕ್ಟರಿಗೆ ಏನರ ಅನ್ಲಿ, ನಡೀತೈತಿ. ಕೂಸಿಗೆ ಸುಳ್ಳು ಹೇಳಿದ್ನಲ್ಲಾ ಯಶೋಧರಕ್ಕಾ! ಈ ಸಲ ಆ ಕಣ್ಣು ನೋಡ್ಲಿಲ್ಲಂದ್ರ ನಾ ಆ ಹುಡುಗಿ ಮುಖ ಹೆಂಗ ನೋಡ್ಲಿ?" ಎಂದಳು.

ನಾನು ಪೋಸ್ಟಾಫೀಸಿನಿಂದ ಆಗಷ್ಟೇ ನಿವೃತ್ತಳಾಗಿದ್ದೆ. ನಮ್ಮದು ಬೌದ್ಧರ ಮನೆ. ಅಲ್ಲಿನ ಬುದ್ಧನನ್ನು ನೋಡುವ ಆಸೆ ನನಗೂ ಮೊದಲಿನಿಂದ ಇತ್ತು. ಇವಳ ಬೆನ್ನಿಗೂ ಇದ್ದಂತಾಯಿತೆಂದು ಹಂಪೇಶನ ಟೂರಿಗೆ ಹೆಸರು ಕೊಟ್ಟೆ. ಹೊರಡುವ ಮುಂಚೆ ಸಂಗಮ್ಮ ಅವನಿಂದ ವಿರೂಪಾಕ್ಷನ ಆಣೆ ಮಾಡಿಸಿಕೊಂಡಳು. ಕಡೆಯ ದಿನ ಬಾಯೋನ್‌ಗೆ ಹೋಗುವಾಗ ಅವಳೂ ಬಸ್ಸಿನಲ್ಲಿರಬೇಕು. "ಕಡೀ ದಿನ ಸೋಮಾರ ಐತಿ" ಎಂದು ನನ್ನ ಕಿವಿಯಲ್ಲಿ ಹೇಳಿ ನಕ್ಕಳು. ಸೋಮವಾರ ಶಿವನ ಒಪ್ಪತ್ತು, ಎಲ್ಲರೂ ಊಟ ಮಾಡುವುದು ರಾತ್ರಿ ಒಂದೇ ಹೊತ್ತು. ಹಗಲೆಲ್ಲ ಒಲೆಗೆ ರಜೆ ಎಂಬುದು ಅವಳ ಲೆಕ್ಕ.

ಅಲ್ಲಿಗೆ ಹೋದ ಮೇಲೆ ನಾನು ಆ ಅಡಿಗೆಮನೆ ನೋಡಿದೆ. ಒಂದೇ ಕಿಟಕಿ, ಅದರಾಚೆ ಪಕ್ಕದ ಮನೆಯ ಗೋಡೆ, ಗೋಡೆಗೆ ಒರಗಿದ ನೀರಿನ ಟ್ಯಾಂಕು. ನಾವು ಅಂಕೋರ್ ವಾಟಿನ ಕೆರೆಯಂಥ ಕಂದಕ ನೋಡಿದೆವು, ಗುಡಿಯ ಗೋಡೆ ಸೀಳಿಕೊಂಡು ಬೆಳೆದ ಮರದ ಬೇರು ನೋಡಿದೆವು, ದೊಡ್ಡ ಸರೋವರದಲ್ಲಿ ತೇಲುವ ಮನೆ ನೋಡಿದೆವು. ಬಂದು ಬಂದು ಸಂಗಮ್ಮನ ಬಿಸಿ ರೊಟ್ಟಿ ತಿಂದೆವು. ಸಂಡೂರಿನ ಒಬ್ಬ ಹೆಣ್ಣುಮಗಳು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು "ಪಾಪ, ಈಕಿನೂ ಒಂದಿನ ಬರಬೇಕಿತ್ರಿ" ಎಂದಳು. ಒಲೆಯ ಕೆಲಸಕ್ಕೆ ತಾನು ಏಳಲಿಲ್ಲ ಮಾತ್ರ.

ಸೋಮವಾರ ಬೆಳಗಾಯಿತು. ಸಂಗಮ್ಮ ಇಳಕಲ್ ಸೀರೆ ಉಟ್ಟು ತಲೆ ಬಾಚಿಕೊಂಡು ತಯಾರಾಗಿದ್ದಳು. ಅಷ್ಟರಲ್ಲಿ ಹಂಪೇಶ ಬಂದ.

"ಅಕ್ಕಾ, ಇವತ್ತು ಎಲ್ಲಾರೂ ಒಪ್ಪತ್ತು."

"ಗೊತ್ತೈತೇಳು."

"ಅದಕ್ಕ ಸ್ವಲ್ಪ ಫಲಾರ ಬೇಕಾಗ್ತೈತಿ. ಈಗ ಅವಲಕ್ಕಿ, ಹತ್ತು ಗಂಟೆಕ್ಕ ಸಾಬೂದಾಣಿ, ಮಧ್ಯಾಹ್ನ ಶೇಂಗಾ ಉಂಡಿ, ಹಾಲು. ಮತ್ತ ಚಾ ಇದ್ದದ್ದ."

ಅಯ್ಯೋ ಶಿವನೇ! ನಮ್ಮ ಕಡೆಯ ಉಪವಾಸದ ಹಣೆಬರಹ ಗೊತ್ತಿದ್ದೂ ಇವಳು ಮರೆತಿದ್ದಳಲ್ಲ! ದಿನಾ ಮೂರು ಸಲ ಉಣ್ಣುವವರು ಉಪವಾಸದ ದಿನ ಐದು ಸಲ ತಿನ್ನುತ್ತಾರೆ. ಸಂಗಮ್ಮ ನಿಂತಲ್ಲೇ ಕುಕ್ಕರಿಸಿದಳು.

"ನಾನು ಮಾಡ್ತೀನಿ, ನೀ ಹೋಗ" ಎಂದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಹಂಪೇಶ ನೆಲ ನೋಡಿದ. ಕೊರಳಲ್ಲಿ ಲಿಂಗವಿಲ್ಲದ ನನ್ನ ಕೈಯ ಅವಲಕ್ಕಿಯನ್ನು ಆ ಜನ ಮುಟ್ಟುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಬುದ್ಧನನ್ನು ನೋಡಲು ದುಡ್ಡು ಕೊಟ್ಟು ಬಂದ ಜನ! ನನ್ನ ಮೈ ಉರಿದುಹೋಯಿತು.

ಒಂದು ತಾಸು ಕಾದರೂ ಅವಲಕ್ಕಿ ಬರಲಿಲ್ಲ, ನಾವೆಲ್ಲ ಬಸ್ಸು ಹತ್ತಿದೆವು. ಹೊರಡಬೇಕು ಅನ್ನುವಷ್ಟರಲ್ಲಿ ಸಂಗಮ್ಮ ಬಂದಳು. ಹೆಗಲಿಗೆ ಬಟ್ಟೆಯ ಚೀಲ, ಹಣೆಯಲ್ಲಿ ವಿಭೂತಿ. ನೆಟ್ಟಗೆ ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಅದು ಕಂಪ್ಲಿ ರೈಸ್‌ಮಿಲ್ಲಿನ ಸಾವುಕಾರ ಮರುಳಸಿದ್ದಪ್ಪನವರ ಸೀಟು. ಕಡೆಗೆ ಹತ್ತಲು ಬಂದ ಅವರು ಬಾಗಿಲಲ್ಲೇ ನಿಂತರು.

"ಫಲಾರ ಮಾಡೀಯೇನವಾ ಸಂಗಮ್ಮ?"

"ಇಲ್ರಿ ಸಾವ್ಕಾರ್ರ. ಇವತ್ತು ಸೋಮಾರ. ಉಪಾಸ ಅಂದ್ರ ಉಪಾಸ. ಶಿವ ನೋಡ್ತಿರ್ತಾನಲ್ರಿ?"

ನನ್ನ ಉಪವಾಸಕ್ಕೆ ಅವಲಕ್ಕಿ ಬೇಕು ಎಂದು ಬಾಯಿಬಿಟ್ಟು ಹೇಳುವವರು ಯಾರು? ಸಾವುಕಾರರು ಸದ್ದಿಲ್ಲದೆ ಹಿಂದಿನ ಸೀಟಿಗೆ ಹೋದರು. ಭಲೆ ಹೆಣ್ಣೇ, ಅಂದುಕೊಂಡೆ. ದಾರಿಯಲ್ಲಿ ಟಿಕೆಟ್ ಕಚೇರಿಯ ಹತ್ತಿರ ಬಸ್ ನಿಲ್ಲಿಸಿ ಹಂಪೇಶ ಅವಳಿಗೂ ಗುಡಿಯೊಳಗೆ ಬಿಡುವ ಪಾಸ್ ಮಾಡಿಸಿದ. ಫೋಟೊ ಇದ್ದ ಆ ಪಾಸನ್ನು ಅವಳು ಇಷ್ಟಲಿಂಗದಷ್ಟೇ ಜೋಪಾನವಾಗಿ ಎದೆಯ ಹತ್ತಿರ ಹಿಡಿದುಕೊಂಡಳು.

ಬಾಯೋನ್ ಕೆಳಗಿನಿಂದ ನೋಡಿದರೆ ನಮ್ಮ ಹಂಪಿಯ ಗುಂಡುಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಕಾಣುತ್ತದೆ. ಬೆಳಗಿನ ಬಿಸಿಲು ಎದುರಿಗೇ ಇದ್ದು ಏನೂ ಗೊತ್ತಾಗುವುದಿಲ್ಲ. ಮೆಟ್ಟಿಲು ಹತ್ತಿ ಮೇಲಿನ ಕಟ್ಟೆಗೆ ಹೋದರೆ ಆ ಮುಖಗಳು ಎದುರಾಬದುರು. ಒಂದು ತಾಸು ಟೈಮು, ಸೀಟಿ ಊದಿದರೆ ಎಲ್ಲರೂ ಬಸ್ಸಿಗೆ ಬರಬೇಕು ಎಂದು ಹಂಪೇಶ ಕೂಗಿ ಹೇಳಿದ. ನಾನು ಸಂಗಮ್ಮನ ಕೈ ಹಿಡಿದು ಮೆಟ್ಟಿಲಿನ ಕಡೆ ಹೊರಟೆ.

ದಾರಿಯಲ್ಲಿ ಕೆಳಗಿನ ಗೋಡೆಯ ಉದ್ದಕ್ಕೂ ಕೆತ್ತನೆ. ಆನೆ, ದಂಡು, ದೋಣಿ, ಸಂತೆ. ಒಂದು ಕಡೆ ಸಂಗಮ್ಮ ನಿಂತೇಬಿಟ್ಟಳು. "ಇಲ್ನೋಡಕ್ಕಾ, ಒಲಿ!" ನಿಜವಾಗಿಯೂ ಒಲೆಯೇ. ಬೆಂಕಿಯ ಮೇಲೆ ದೊಡ್ಡ ಪಾತ್ರೆ, ಅದರೊಳಗೆ ಒಂದು ಇಡೀ ಹಂದಿಯನ್ನು ಇಳಿಸುತ್ತಿದ್ದಾರೆ. "ಶಿವಶಿವಾ" ಎಂದು ಬಾಯಿಗೆ ಸೆರಗು ಹಿಡಿದಳು, ಆದರೆ ಅಲ್ಲಿಂದ ಕದಲಲಿಲ್ಲ. ಒಲೆಯ ಮುಂದೆ ಒಬ್ಬರು ಕೂತು ಉರಿ ನೋಡಿಕೊಳ್ಳುತ್ತಿದ್ದರು. ಕಲ್ಲು ಸವೆದು ಹೆಣ್ಣೋ ಗಂಡೋ ತಿಳಿಯದು. ಸಂಗಮ್ಮನಿಗೆ ಮಾತ್ರ ಅನುಮಾನವಿರಲಿಲ್ಲ. "ಎಷ್ಟು ವರ್ಷದಾಕಿ ಈಕಿ?"

"ಎಂಟ್ನೂರು ಆಗಿರಬೇಕು."

"ಇನ್ನೂ ಬಿಟ್ಟಿಲ್ಲಲ್ಲ ಈಕಿನ್ನ" ಎಂದಳು. ನಗುತ್ತಾಳೇನೋ ಎಂದು ನೋಡಿದೆ. ಕಣ್ಣು ತುಂಬಿತ್ತು.

ಆಗಲೇ ಹಿಂದಿನಿಂದ ಗದ್ದಲ ಕೇಳಿತು. ಮರುಳಸಿದ್ದಪ್ಪನವರು ಒಂದು ಕಲ್ಲಿನ ಮೇಲೆ ಕುಸಿದಿದ್ದರು. ಸಕ್ಕರೆ ಕಾಯಿಲೆಯ ಮನುಷ್ಯ, ಬೆಳಿಗ್ಗೆ ಗುಳಿಗೆ ನುಂಗಿ ಖಾಲಿ ಹೊಟ್ಟೆಯಲ್ಲಿ ಬಂದಿದ್ದರು. ಮುಖ ಬೆವತು ಕೈ ನಡುಗುತ್ತಿತ್ತು. ನಾನು ಬ್ಯಾಗಿನಿಂದ ಬಿಸ್ಕತ್ತು ತೆಗೆದು ಕೊಟ್ಟೆ. ಅಷ್ಟಾದರೂ ಅವರು ಬ್ಯಾಡ ಎಂದು ತಲೆ ಅಲ್ಲಾಡಿಸಿ ಸಂಗಮ್ಮನನ್ನು ಹುಡುಕಿದರು. ಸಂಗಮ್ಮ ಓಡಿಬಂದು ಚೀಲ ಬಿಚ್ಚಿದಳು. ಒಳಗೆ ಸ್ಟೀಲ್ ಡಬ್ಬಿ, ಡಬ್ಬಿಯ ತುಂಬ ಹಚ್ಚಿದ ಅವಲಕ್ಕಿ. ಅದರ ಕೆಳಗೆ ಮತ್ತೊಂದು ಡಬ್ಬಿ, ಶೇಂಗಾ ಉಂಡಿ. ಯಾರಿಗೂ ಹೇಳದೆ ಬೆಳಿಗ್ಗೆಯೇ ಎಲ್ಲ ಮಾಡಿ ತುಂಬಿಕೊಂಡು ಬಂದಿದ್ದಳು, ಹುಚ್ಚಿ!

"ಮಾಡಿಲ್ಲ ಅಂದಿದ್ಯಲ್ಲಾ?" ಎಂದು ರೇಗಿದೆ.

"ಮಾಡ್ದ ಹೆಂಗ ಬರ್ಲಕ್ಕಾ? ವಯಸ್ಸಾದ ಜೀವ" ಎಂದಳು.

ಸಾವುಕಾರರು ಎರಡು ಉಂಡಿ ತಿಂದು ಚೇತರಿಸಿಕೊಂಡರು. ಡಬ್ಬಿ ತೆರೆದದ್ದನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಬಂದು ನೆರಳಲ್ಲಿ ಕೂತರು. ನನಗೊಂದೀಟು, ಇಲ್ಲಿಗೊಂದೀಟು. "ನೀ ಮ್ಯಾಲೆ ಹೋಗಿ ನೋಡಿ ಬಾ ಅಕ್ಕಾ, ಹಿಂದಽ ಬರ್ತೀನಿ" ಎಂದಳು ನನಗೆ. ಹೋದೆ. ಮುಖಗಳನ್ನು ನೋಡಿದೆ, ಅವುಗಳ ಕಣ್ಣನ್ನೂ ನೋಡಿದೆ. ಕೆಳಗೆ ಬಗ್ಗಿ ನೋಡಿದರೆ ಸಂಗಮ್ಮ ಇನ್ನೂ ಬಡಿಸುತ್ತಿದ್ದಳು. ಡಬ್ಬಿ ಖಾಲಿಯಾಗಿ, ಅವಳು ಕೈ ಒರೆಸಿಕೊಂಡು ಮೆಟ್ಟಿಲಿಗೆ ಕಾಲಿಟ್ಟಳು, ಅಷ್ಟರಲ್ಲಿ ಹಂಪೇಶ ಸೀಟಿ ಊದಿದ.

ಬಸ್ಸಿನಲ್ಲಿ ನಾನು ಮೊಬೈಲು ತೆರೆದು ಫೋಟೊ ತೋರಿಸಲು ಹೋದೆ. ಅವಳು ಕೈ ಅಡ್ಡ ಹಿಡಿದಳು. "ತೋರಸಬ್ಯಾಡ, ಹೇಳಲೂ ಬ್ಯಾಡ. ಮಂದಿ ನೋಡಿದ್ದನ್ನ ಹೇಳೇ ಇಷ್ಟು ದಿನ ಆತು." ರಾತ್ರಿ ಒಪ್ಪತ್ತಿನವರಿಗೆಲ್ಲ ಬಿಸಿ ರೊಟ್ಟಿ ಬಡಿದಳು.

ಊರಿಗೆ ಬಂದ ಮರುದಿನ ಊಟಕ್ಕೆ ಖಾನಾವಳಿಗೆ ಹೋದೆ. ಸ್ಫೂರ್ತಿ ಒಲೆಯ ಹತ್ತಿರ ಕೂತು ಅಜ್ಜಿಯನ್ನು ಪೀಡಿಸುತ್ತಿದ್ದಳು. "ಹೇಳಬೇ, ಕಣ್ಣು ತೆರ್‍ದಿದ್ವೋ ಮುಚ್ಚಿದ್ವೋ?"

ಸಂಗಮ್ಮ ನನ್ನನ್ನು ನೋಡಿದಳು. ಆಮೇಲೆ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡಳು. "ನಾ ನೋಡಿಲ್ಲ ಕೂಸ. ಹೋದ ಸಲ ಹೇಳಿದ್ದೂ ಸುಳ್ಳು. ಆದ್ರ ಅಲ್ಲಿ ಒಲಿ ಮುಂದ ಒಬ್ಬಾಕಿ ಕುಂತಾಳ, ಆಕಿ ಕಣ್ಣು ನೋಡೀನಿ. ತೆರ್‍ದೂ ಇಲ್ಲ, ಮುಚ್ಚಿನೂ ಇಲ್ಲ. ಹೊಗಿಗೆ ಕಿವುಚ್ಕೊಂಡಾಳ."

"ಮತ್ತ ಆ ದೊಡ್ಡ ಮುಖ?"

"ಮುಂದಿನ ಸಲ ಪಕ್ಕಾ" ಎಂದಳು ಸಂಗಮ್ಮ.

ಅವಳ ಬಾಯಲ್ಲೂ ಅದೇ ಮಾತು! ಎದ್ದು ಹೋಗಿಬಿಡೋಣ ಅನ್ನುವಷ್ಟು ಸಿಟ್ಟು ಬಂತು. ಅಷ್ಟರಲ್ಲಿ ಅವಳು ಹಂಚಿನಿಂದ ತೆಗೆದ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು. ಬಿಸಿ ಇತ್ತು, ತಿಂದೆ.