ಅಪ್ಪನ ಕಲ್ಲು ಮತ್ತು ನನ್ನ ಬ್ಲಾಗು

ಕ್ಷಮಿಸಿ ಫ್ರೆಂಡ್ಸ್, ಇಂಟರ್ನಲ್ಸ್‌ಗೆ ಓದುವುದು ಬಿಟ್ಟು ನಮ್ಮ ಈ ಬ್ಲಾಗರ್ಸ್ ಗ್ರೂಪಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೊಸ ಬ್ಲಾಗಿಗೆ ಇಷ್ಟು ದಿನ ಬರುತ್ತಿದ್ದವರು ನಾನು ಮತ್ತು ರೂಮ್‌ಮೇಟ್ ಶ್ರೇಯಾ ಮಾತ್ರ. "ಎಲ್ಲಿ ಹುಡುಕಿದ್ರೂ ಸಿಗದ್ದನ್ನು ಬರಿ, ಆಗ ಜನ ಬಂದು ನಿಲ್ತಾರೆ," ಎಂದಳು ಅವಳು. ಹಾಗಾಗಿ ನಿನ್ನೆ ಅಪ್ಪನ ಬಗ್ಗೆ ಬರೆದೆ. ಕಾಪುವಿನಲ್ಲಿ ಅಪ್ಪನದ್ದು ಸಣ್ಣ ದೋಣಿ. ಸಮುದ್ರದಡಿಯ ಒಂದು ಕಲ್ಲಿನ ಹತ್ತಿರ ಅವರಿಗೆ ಒಳ್ಳೆಯ ಅಂಜಲ್ ಮೀನು ಸಿಗುತ್ತದೆ. ಅಜ್ಜ ತೋರಿಸಿಕೊಟ್ಟ ಕಲ್ಲು ಅದು. ಅಂಥ ಜಾಗವನ್ನು ನಮ್ಮಲ್ಲಿ ಯಾರೂ ಹೊರಗೆ ಹೇಳುವುದಿಲ್ಲ. ನಾನು ಲೈಟ್‌ಹೌಸ್ ನೋಡಿ ಆ ಕಲ್ಲಿನ ಗುರುತು ಹಿಡಿಯುವ ರೀತಿಯನ್ನು ಮ್ಯಾಪ್ ಸಮೇತ ಹಾಕಿದೆ, ಪೋಸ್ಟ್ ಚೆಂದ ಕಾಣಲಿ ಎಂದು.

ಹಾಕಿದ್ದೇ ತಡ, ಓದುಗರೋ ಓದುಗರು. ರೂಮಿನಲ್ಲಿ ಕುಣಿದಾಡಿದೆ.

ಇವತ್ತು ಲ್ಯಾಬಿಗೆ ಹೊರಟಾಗ ಮಾಮನ ಫೋನ್. ಅವರು ಅಪ್ಪನ ದೋಣಿಯಲ್ಲೇ ಹೋಗುವವರು.

"ನೀನು ಎಂತ ಬರೆದದ್ದು ಮಾರಾಯ್ತಿ? ನಮ್ಮ ಕಲ್ಲಿನ ಹತ್ತಿರ ಊರಿನ ದೋಣಿ ಎಲ್ಲ ಉಂಟು. ನಮಗೆ ಬಲೆ ಬಿಡ್ಲಿಕ್ಕೆ ಜಾಗ ಇಲ್ಲ."

"ಅಪ್ಪ ಎಂತ ಹೇಳಿದ್ರು?"

"ಭಾವ ಬಲೆ ಮಡಚಿಟ್ಟು, ಸಂಜೆ ಮಣಿಪಾಲಕ್ಕೆ, ಅವಳ ಹಾಸ್ಟೆಲಿಗೆ ಹೋಗಿ ಬರ್ತೇನೆ ಅಂದ್ರು."

ಪೋಸ್ಟ್ ತೆಗೆದೆ. ಆದರೆ ಸ್ಕ್ರೀನ್‌ಶಾಟ್ ಮೀನುಗಾರರ ಗ್ರೂಪ್‌ಗಳಲ್ಲೆಲ್ಲ ಓಡಾಡುತ್ತಿದೆ. ಅಪ್ಪ ಈವರೆಗೆ ಒಮ್ಮೆಯೂ ಹಾಸ್ಟೆಲಿಗೆ ಬಂದವರಲ್ಲ.

ಓದುಗರನ್ನು ಕರೆಯುವುದು ಹೇಗೆಂದು ಇಲ್ಲಿ ಎಲ್ಲರೂ ಹೇಳಿಕೊಟ್ಟಿದ್ದರು. ಆ ಓದುಗರು ದೋಣಿ ತೆಗೆದುಕೊಂಡು ಬರಬಹುದೆಂದು ಯಾರೂ ಹೇಳಿರಲಿಲ್ಲ. ಗೇಟಿನಲ್ಲಿ ಅಪ್ಪನಿಗೆ ಮೊದಲು ಎಂತ ಹೇಳಲಿ? ದಯವಿಟ್ಟು ಸಂಜೆಯೊಳಗೆ ಉತ್ತರಿಸಿ.